ಚೀಲ ಎತ್ತುವ ಮುನ್ನ ಸೊಂಟ ಗಟ್ಟಿ ಮಾಡಿಕೊಳ್ಳಿ

ಮೂರು ವರ್ಷದ ಹಿಂದೆ 50 ಕಿಲೋ ಡಿಎಪಿ ಚೀಲ ಬಗ್ಗಿ ಎತ್ತಿದೆ, ಸೊಂಟ ಹಿಡೀತು. ಹದ ಇದ್ದ ಎಂಟು ದಿನ ಮಲಗಿದೆ, ಬಿತ್ತನೆ ತಪ್ಪಿತು.

ಚಪ್ಪರದ ಕಂಬಕ್ಕೆ ನಾಲ್ಕೂ ಕಡೆ ಹಗ್ಗ ಬಿಗಿದಂತೆ ಹೊಟ್ಟೆ, ಪಕ್ಕೆ, ಬೆನ್ನಿನ ಸ್ನಾಯುಗಳು ನಡುವನ್ನು ಹಿಡಿದಿರ್ತವೆ. ಒಂದು ಸಡಿಲಾದರೆ ಭಾರ ಇನ್ನೊಂದರ ಮೇಲೆ.

ಅದಕ್ಕೆ ದಿನಾ ಹೀಗೆ ಮಾಡಿ: ಅಂಗೈ, ಮಂಡಿ ನೆಲಕ್ಕೂರಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ 10 ಎಣಿಸಿ, ಆಮೇಲೆ ಬದಲಿಸಿ. ಐದೈದು ಸಲ ಸಾಕು. ಬೆನ್ನು ಬಾಗಬಾರದು, ಉಸಿರು ಕಟ್ಟಬಾರದು.

ಚೀಲ ಎತ್ತುವಾಗ ಮಂಡಿ ಮಡಿಸಿ ಕೂತು, ಮೈಗೆ ಒತ್ತಿಕೊಂಡು ಏಳಿ. ತಿರುಗುವಾಗ ಸೊಂಟವಲ್ಲ, ಪಾದ ತಿರುಗಿಸಿ. ನೋವು ಕಾಲಿಗಿಳಿದರೆ, ಜೋಮು ಹಿಡಿದರೆ ವ್ಯಾಯಾಮ ಬಿಟ್ಟು ವೈದ್ಯರಿಗೆ ತೋರಿಸಿ. ಇಬ್ಬರು ಸೇರಿ ಎತ್ತಿದರೆ ನಾಚಿಕೆಯೇನಿಲ್ಲ.