ರೋಗ್ ಅಂದ್ರೆ ರೋಗ ಅಲ್ಲ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡದವರಿಗೆ ಮೊದಲು ಒಂದು ಮಾತು. ಇದು ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಡ್ತಾರೆ. ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಒಂದು 'ಕ್ಲಾಸ್', ಅಂದರೆ ಕಸುಬು. ಅದರಲ್ಲಿ ಒಂದು ರೋಗ್.

ಈ ಹೆಸರನ್ನು ಕನ್ನಡದಲ್ಲಿ ಬರೆದ ತಕ್ಷಣ ತೊಂದರೆ ಶುರು. ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ರಾತ್ರಿ ಕನ್ನಡದಲ್ಲೇ ಆಡೋಣ ಅಂತ ಐದು ಜನ ಸೇರಿದಾಗ ನಾನು ಹಾಳೆಯ ಮೇಲೆ 'ರೋಗ್' ಅಂತ ಬರೆದೆ. ರೂಮ್‌ಮೇಟ್ ಓದಿದ್ದು 'ರೋಗ'. "ರೋಗಿ ಯಾರಪ್ಪಾ ಇಲ್ಲಿ?" ಅಂದ. ಇಂಗ್ಲಿಷಿನಲ್ಲೂ ಈ ಪದ ಕಾಡುತ್ತದೆ ಬಿಡಿ; ಎರಡು ಅಕ್ಷರ ಅದಲುಬದಲಾಗಿ ಕೆನ್ನೆಗೆ ಹಚ್ಚುವ 'ರೂಜ್' ಆಗಿಬಿಡೋದು ಹಳೇ ಜೋಕು. ನಕ್ಕು ಮುಗಿದ ಮೇಲೆ ಅದನ್ನು ಹೊಡೆದುಹಾಕಿ 'ಕಳ್ಳ' ಅಂತ ಬರೆದೆ. ಎಡವಟ್ಟಾಗಿದ್ದು ಅಲ್ಲೇ.

ಹಾಗೆ ನೋಡಿದರೆ ಮೂಲ ಹೆಸರೂ 'ಥೀಫ್', ಅಂದರೆ ಕಳ್ಳನೇ. 1974ರ ಮೊದಲ ಆಟದಲ್ಲಿ ಇದ್ದದ್ದು ಮೂರೇ ಕಸುಬು: ಯೋಧ, ಮಾಂತ್ರಿಕ, ಪುರೋಹಿತ. ಕಳ್ಳನ ಯೋಚನೆ ಹೋಗಿದ್ದು ನಮ್ಮ ಕ್ಯಾಲಿಫೋರ್ನಿಯಾದಿಂದ, ಸ್ಯಾಂಟಾ ಮೋನಿಕಾದ ಏರೋ ಹಾಬೀಸ್ ಅಂಗಡಿಯಲ್ಲಿ ಆಡುತ್ತಿದ್ದ ಗುಂಪಿನಿಂದ. 1975ರ 'ಗ್ರೇಹಾಕ್' ಪುಸ್ತಕದಲ್ಲಿ ಅದು ಅಧಿಕೃತವಾಗಿ ಸೇರಿತು. ಆಗ ಹಂತಕ್ಕೊಂದು ಬಿರುದು ಇರುತ್ತಿತ್ತು. 1978ರ ಪುಸ್ತಕದ ಪ್ರಕಾರ ಮೊದಲ ಹಂತದವನು 'ರೋಗ್', ಮೂರನೇ ಹಂತದಲ್ಲಿ ಜೇಬುಗಳ್ಳ, ಐದರಲ್ಲಿ ಕನ್ನಗಳ್ಳ. ಬರೀ 'ಥೀಫ್' ಅನ್ನಿಸಿಕೊಳ್ಳೋಕೆ ಒಂಬತ್ತನೇ ಹಂತ ಮುಟ್ಟಬೇಕು! 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಕಸುಬಿನ ಹೆಸರೇ ರೋಗ್ ಆಯಿತು. 2014ರ ಐದನೇ ಆವೃತ್ತಿಯಲ್ಲಿ ಥೀಫ್ ಅನ್ನೋದು ರೋಗ್ ಮೂರನೇ ಹಂತದಲ್ಲಿ ಆರಿಸಿಕೊಳ್ಳಬಹುದಾದ ಒಂದು ಕವಲು ಮಾತ್ರ. ಮನೆ ಯಜಮಾನ ಬಾಡಿಗೆದಾರ ಆದ ಹಾಗೆ.

ನಮ್ಮ ಮೇಜಿಗೆ ಬರ್ತೀನಿ. ಕಳ್ಳನ ಪಾತ್ರ ಸಿಕ್ಕಿದವನು ಹಾಳೆಯಲ್ಲಿ ಬರೆದದ್ದನ್ನ ನಿಷ್ಠೆಯಿಂದ ಮಾಡಿದ. ಅಂದರೆ ನಮ್ಮದೇ ಗುಂಪಿನವರ ಜೇಬಿಗೆ ಕೈ ಹಾಕಿದ. ಮೂರನೇ ವಾರ ಯೋಧನ ಪಾತ್ರದ ಜೂನಿಯರ್ ಹುಡುಗಿಯ ಕತ್ತಿಯನ್ನೇ ಎತ್ತಿ ಮಾರಿಬಿಟ್ಟ. ಅವಳು ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ವಾರಕ್ಕೊಂದು ಸಲ ಕನ್ನಡ ಕಿವಿಗೆ ಬೀಳುತ್ತದೆ ಅಂತ ಬರ್ತಿದ್ದಳು. ಮುಂದಿನ ಶನಿವಾರ "ಅಸೈನ್‌ಮೆಂಟ್ ಇದೆ" ಅಂದಳು. ಅದರ ಮುಂದಿನ ವಾರಾನೂ.

ಆಗ ಕೂತು ನಿಯಮಗಳನ್ನು ಸರಿಯಾಗಿ ಓದಿದೆ. ಈ ಕಸುಬಿನ ದೊಡ್ಡ ಬಲ 'ಸ್ನೀಕ್ ಅಟ್ಯಾಕ್', ನಾನು ಮರೆಯೇಟು ಅಂತೀನಿ. ಸರದಿಗೆ ಒಂದೇ ಸಲ, ಆದರೆ ಮೊದಲ ಹಂತದಲ್ಲಿ ಒಂದು ಆರು ಮುಖದ ದಾಳದಷ್ಟು ಹೆಚ್ಚುವರಿ ಪೆಟ್ಟು, ಐದರಲ್ಲಿ ಮೂರು ದಾಳ (ಸರಾಸರಿ 10.5), ಹತ್ತೊಂಬತ್ತರಲ್ಲಿ ಹತ್ತು. ಇದು ಸುಮ್ಮನೆ ಸಿಗೋದಿಲ್ಲ. ಅಡಗಿಕೊಂಡೋ ಇನ್ನು ಹೇಗೋ ಮೇಲುಗೈ ಪಡೆದಿರಬೇಕು, ಇಲ್ಲವಾದರೆ ಶತ್ರುವಿನಿಂದ ಐದು ಅಡಿಯೊಳಗೆ ನಮ್ಮವರೊಬ್ಬರು ನಿಂತಿರಬೇಕು. ಹೆಚ್ಚಿನ ಸಲ ಕೆಲಸಕ್ಕೆ ಬರೋದು ಎರಡನೆಯದು. ಅಲ್ಲಿ ಹೋಗಿ ನಿಲ್ಲೋದು ಯಾರು? ಯೋಧ. ನಮ್ಮ ಕಳ್ಳ ಕತ್ತಿ ಕದ್ದು ತನ್ನ ಮರೆಯೇಟನ್ನೇ ಮಾರಿಕೊಂಡಿದ್ದ. ಎಲ್ಲಾ ಕಸುಬುಗಳಲ್ಲಿ ಜೊತೆಗಾರರನ್ನ ಇಷ್ಟು ನಂಬಿಕೊಂಡದ್ದು ಇದೇ ಅಂತ ನನ್ನ ಲೆಕ್ಕ.

ಇನ್ನೊಂದು ಬಲ ನಮ್ಮ ಇಂಜಿನಿಯರ್ ಮನಸ್ಸಿಗೆ ಹಿಡಿಸುವಂಥದ್ದು. 2014ರ ನಿಯಮದಲ್ಲಿ ಹನ್ನೊಂದನೇ ಹಂತಕ್ಕೆ ಬಂದರೆ, ಪಳಗಿದ ಕೆಲಸದಲ್ಲಿ ದಾಳ ಒಂಬತ್ತೋ ಅದಕ್ಕಿಂತ ಕಡಿಮೆಯೋ ಬಿದ್ದರೂ ಹತ್ತು ಅಂತಲೇ ಲೆಕ್ಕ. ಚುರುಕುತನಕ್ಕೆ ಐದು, ಇಮ್ಮಡಿ ಪರಿಣತಿಗೆ ಎಂಟು ಸೇರಿಸಿ: ಕನಿಷ್ಠ 23. 'ಕಷ್ಟ' ಅನ್ನೋ ಕೆಲಸಕ್ಕೆ ಬೇಕಾದದ್ದು 20. ದಾಳ ಎಷ್ಟೇ ಕೈಕೊಟ್ಟರೂ ಕೆಲಸ ಕೆಡೋದಿಲ್ಲ.

ಸರಿ, ಹೆಸರು ಏನಿಡೋದು? ವಡ್ಡಾರಾಧನೆಯ ವಿದ್ಯುಚ್ಚೋರ ನೆನಪಾದ. ರಾಜಕುಮಾರ, ಕಳವನ್ನ ವಿದ್ಯೆಯಾಗಿ ಕಲಿತವನು, ಕುಷ್ಠರೋಗಿಯ ವೇಷ ಹಾಕಿದವನು (ನೋಡಿ, ರೋಗ ಅಲ್ಲೂ ಬಂತು!), ಕೊನೆಗೆ ರಿಸಿಯಾದವನು. ಆದರೆ 'ಚೋರ' ಅಂದರೂ ಮತ್ತೆ ಕಳ್ಳನೇ. ಕಡೆಗೆ ಇಟ್ಟದ್ದು 'ಕಿಲಾಡಿ'. ಹಿಂದಿಯಲ್ಲಿ ಬರೀ ಆಟಗಾರ, ನಮ್ಮಲ್ಲಿಗೆ ಬಂದು ಚಾಲಾಕಿ ಆದ ಪದ. ಅದರಲ್ಲಿ ಕದಿಯಲೇಬೇಕು ಅನ್ನೋ ಹಟ ಇಲ್ಲ.

ಕತ್ತಿ ಮಾರಿದವನು ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಅವಳು ಒಂದು ಷರತ್ತು ಹಾಕಿ ವಾಪಸ್ ಬಂದಳು: ಕಿಲಾಡಿ ಪಾತ್ರ ಇನ್ನು ತನ್ನದು, ಅವನು ಯೋಧನಾಗಿ ಮುಂದೆ ನಿಲ್ಲಬೇಕು. ಅವಳ ಮರೆಯೇಟು ಈಗ ಮೂರು ದಾಳಕ್ಕೆ ಬಂದಿದೆ.

ರೋಗ್‌ಗಳಿಗೆ 'ಥೀವ್ಸ್ ಕ್ಯಾಂಟ್' ಅಂತ ಒಂದು ಗುಟ್ಟಿನ ಭಾಷೆಯೂ ಉಂಟು. ಅದರಲ್ಲಿ ಒಂದು ಮಾತು ದಾಟಿಸೋಕೆ ನೇರವಾಗಿ ಹೇಳೋದಕ್ಕಿಂತ ನಾಲ್ಕು ಪಟ್ಟು ಹೊತ್ತು ಬೇಕು ಅನ್ನುತ್ತದೆ ಪುಸ್ತಕ. ಕ್ಯಾಂಪಸ್ಸಿನಲ್ಲಿ ಅಮೆರಿಕನ್ ಗೆಳೆಯರ ಜೊತೆ ಆಡುವಾಗ ನಾವಿಬ್ಬರು ಅದಕ್ಕೆ ಕನ್ನಡ ಬಳಸ್ತೀವಿ. "ಗುರು, ಹಿಂದೆ ನೋಡು" ಅನ್ನೋಕೆ ಎರಡು ಸೆಕೆಂಡ್ ಸಾಕು.