ಗುಂಪಿಗೆ ಫೈಲ್ ಬೇಡ, ಲಿಂಕ್ ಹಾಕಿ

ಪ್ರಶ್ನೆ: ಅಪಾರ್ಟ್‌ಮೆಂಟ್ ಸಂಘದ ಲೆಕ್ಕದ ಎಕ್ಸೆಲ್ ಫೈಲನ್ನು ನಾವು ಮೂವರು ಟ್ಯಾಬ್‌ನಲ್ಲಿ ತಿದ್ದಿ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಯಾವುದು ಸರಿಯಾದದ್ದೆಂದೇ ತಿಳಿಯುತ್ತಿಲ್ಲ.

ಉತ್ತರ: ವಾಟ್ಸಾಪ್‌ನಲ್ಲಿ ಪ್ರತಿ ಸಲ ಹೋಗುವುದು ಬೇರೆಯದೇ ಪ್ರತಿ, ನೀವು ತಿದ್ದಿದ್ದು ಇನ್ನೊಬ್ಬರ ಟ್ಯಾಬ್‌ನಲ್ಲಿ ತಾನಾಗಿ ಬದಲಾಗದು. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಹುಟ್ಟುವುದು ಹೀಗೆಯೇ! ಮೊದಲು ಮೂವರೂ ಕುಳಿತು, ಪಾಸ್‌ಬುಕ್ ಜೊತೆ ತಾಳೆ ನೋಡಿ ಒಂದು ಪ್ರತಿಯನ್ನು ಗಟ್ಟಿ ಮಾಡಿಕೊಳ್ಳಿ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಶೀಟ್ಸ್‌ನಲ್ಲಿ ತೆರೆಯಿರಿ. ಗುಂಪಿಗೆ ಇನ್ನು ಲಿಂಕ್ ಮಾತ್ರ. ತಿದ್ದುವ ಅನುಮತಿ ನಿಮ್ಮ ಮೂವರ ಜಿಮೇಲ್‌ಗಷ್ಟೇ ಇರಲಿ, ಉಳಿದವರು ನೋಡಿದರೆ ಸಾಕು. ಯಾರಾದರೂ ಸಾಲು ಅಳಿಸಿದರೆ ಕಂಪ್ಯೂಟರಿನಲ್ಲಿ ವರ್ಷನ್ ಹಿಸ್ಟರಿ ತೆರೆದು ಹಳೆಯದನ್ನು ಮರಳಿ ಪಡೆಯಬಹುದು. ಆದರೂ ಹಣವೇ ತಾಳೆಯಾಗದಿದ್ದರೆ ಅದು ಫೈಲಿನ ತೊಂದರೆಯಲ್ಲ; ಲೆಕ್ಕಪರಿಶೋಧಕರಿಗೆ ತೋರಿಸಿ.