ಗಾಳಿ ಹೆಚ್ಚಾದರೆ ಪಿಕಪ್ ಹೆಚ್ಚುತ್ತದೆಯೇ? ದಹನದ ಪಾಠದಲ್ಲಿ ಒಂದು ತಪ್ಪು ಉತ್ತರ

ತರಗತಿ: 8
ಘಟಕ: ದಹನ ಮತ್ತು ಜ್ವಾಲೆ
ಸ್ಥಳ: ಕರಿಕೆ, ಕೊಡಗು

ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ದಹನಕ್ಕೆ ಗಾಳಿ ಬೇಕು ಎಂಬ ಕಲಿಕಾಂಶವನ್ನು ಮುಗಿಸಿದ್ದೆ. ‘ನಿಮ್ಮ ಊರಿನಲ್ಲಿ ಎಲ್ಲೆಲ್ಲಿ ದಹನ ನಡೆಯುತ್ತದೆ?’ ಎಂದು ಕೇಳಿದಾಗ ಒಲೆ, ರಬ್ಬರ್ ಶೀಟಿನ ಹೊಗೆಮನೆ, ಜೀಪು ಎಂಬ ಉತ್ತರಗಳು ಬಂದವು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. “ಟೀಚರ್, ನಮ್ಮಣ್ಣ ಹಳೇ ಬೈಕಿಗೆ ಫ್ರೀ ಫ್ಲೋ ಫಿಲ್ಟರ್ ಹಾಕಿಸ್ತೇನೆ ಅಂತಾನೆ. ಗಾಳಿ ಜಾಸ್ತಿ ಹೋದ್ರೆ ಪಿಕಪ್ ಜಾಸ್ತಿ ಆಗ್ತದಾ?”

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. “ಹೌದು, ಗಾಳಿ ಹೆಚ್ಚಿದಷ್ಟೂ ದಹನ ಚೆನ್ನಾಗಿ ಆಗುತ್ತದೆ” ಎಂದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಅದನ್ನು ಕಪ್ಪುಹಲಗೆಯ ಮೇಲೂ ಬರೆದೆ.

ಎರಡು ದಿನ ಬಿಟ್ಟು ಹುಡುಗ ಹೇಳಿದ: “ಹೊಸ ಫಿಲ್ಟರಿಗೆ ದುಡ್ಡಿಲ್ಲ ಟೀಚರ್. ಅಣ್ಣ ಇದ್ದದ್ದನ್ನೇ ಬಿಚ್ಚಿಟ್ಟ. ಈಗ ಏರು ಹತ್ತುವಾಗ ಗಾಡಿ ಕೆಮ್ತದೆ.” ನನ್ನ ಉತ್ತರ ಶಾಲೆಯಿಂದ ಮನೆಗೆ ಹೋಗಿ ಒಂದು ಎಂಜಿನಿನ ಮೇಲೆ ಪ್ರಯೋಗವಾಗಿತ್ತು.

ಅಂದು ಸಂಜೆ ಗ್ಯಾರೇಜೊಂದರಿಂದ ಗುಜರಿಗೆ ಹಾಕಿದ್ದ ಕಾರ್ಬ್ಯುರೇಟರೊಂದನ್ನು ತಂದೆ. ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು: ಫಿಲ್ಟರ್ ಬದಲಿಸಿದರೆ ಜೆಟ್ಟನ್ನೂ ಬದಲಿಸಬೇಕು. ಏಕೆ ಎಂಬುದನ್ನು ನಾನೇ ಬಿಡಿಸಿಕೊಳ್ಳಬೇಕಾಯಿತು. ಪಿಸ್ಟನ್ ಕೆಳಗಿಳಿದಾಗ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಕಾರ್ಬ್ಯುರೇಟರಿನ ಕಿರಿದಾದ ಕಂಠದಲ್ಲಿ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಮಾತ್ರ ಹೊರಗಿನ ವಾತಾವರಣದ ಒತ್ತಡವೇ ಇರುತ್ತದೆ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ತೂತಿನ ಮೂಲಕ ಮೇಲಕ್ಕೆ ತಳ್ಳುತ್ತದೆ. ಫಿಲ್ಟರ್ ಗಾಳಿಗೆ ಒಡ್ಡುವ ತಡೆಯೂ ಈ ವ್ಯತ್ಯಾಸದಲ್ಲಿ ಒಂದು ಪಾಲು. ತಡೆ ತೆಗೆದರೆ ಗಾಳಿ ಹೆಚ್ಚುತ್ತದೆ, ಆದರೆ ಪೆಟ್ರೋಲ್ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅದಕ್ಕಿಂತ ಗಾಳಿ ಬಹಳ ಹೆಚ್ಚಾದರೆ ಥ್ರಾಟಲ್ ತಿರುಗಿಸಿದಾಗ ಎಂಜಿನ್ ತಡವರಿಸುತ್ತದೆ, ಬಿಸಿ ಏರುತ್ತದೆ, ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿಕೊಳ್ಳುತ್ತದೆ. ಫಿಲ್ಟರೇ ಇಲ್ಲದಿದ್ದರೆ ಮಣ್ಣಿನ ದೂಳು ಒಳಗೆ ಹೋಗಿ ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಸವೆಸುತ್ತದೆ.

ಎಂಟನೆಯ ತರಗತಿಗೆ ಇದನ್ನು ಹೇಗೆ ಹೇಳುವುದು? ಕಾಗದದ ಪಟ್ಟಿಯ ಮೇಲೆ ಊದಿ ತೋರಿಸುವುದು ನಮ್ಮಲ್ಲಿ ರೂಢಿ. ನಾನು ಅದನ್ನು ಕೈಬಿಟ್ಟೆ. ಬಯಲಿನಲ್ಲಿ ಊದಿದ ಗಾಳಿಯ ಒತ್ತಡ ಸುತ್ತಲಿನ ಗಾಳಿಯಷ್ಟೇ ಇರುವುದರಿಂದ, ಪಟ್ಟಿ ಏಳುವುದಕ್ಕೆ ನಾವು ಕೊಡುವ ವಿವರಣೆಯೇ ಸರಿಯಿಲ್ಲ. ಬದಲಿಗೆ ಪ್ರತಿಯೊಬ್ಬರಿಗೂ ಎರಡೆರಡು ಸ್ಟ್ರಾ, ಒಂದು ಲೋಟ ನಿಂಬೆ ಪಾನಕ, ಚೂರು ಹತ್ತಿ ಕೊಟ್ಟೆ. ಎರಡೂ ಸ್ಟ್ರಾಗಳನ್ನು ಒಟ್ಟಿಗೆ ಬಾಯಲ್ಲಿಟ್ಟು, ಒಂದರ ತುದಿಯನ್ನು ಪಾನಕದಲ್ಲಿ, ಇನ್ನೊಂದರದನ್ನು ಹೊರಗೆ ಗಾಳಿಯಲ್ಲಿ ಇಟ್ಟು ಹೀರಬೇಕು. ಪಾನಕ ಬಾಯಿಗೆ ಬರುವುದೇ ಕಷ್ಟ. ಹೊರಗಿನ ಸ್ಟ್ರಾಕ್ಕೆ ಹತ್ತಿ ತುರುಕಿದರೆ ಪಾನಕ ಏರುತ್ತದೆ. ಹತ್ತಿ ತೆಗೆದರೆ ಮತ್ತೆ ಬರೀ ಗಾಳಿ.

ತರಗತಿಯಲ್ಲಿ ನಗು, ಗಲಾಟೆ. ಪಕ್ಕದ ಕೊಠಡಿಯ ಶಿಕ್ಷಕಿ ಇಣುಕಿ ನೋಡಿದರು. ಆಮೇಲೆ ಕಾರ್ಬ್ಯುರೇಟರನ್ನು ಮೇಜಿನ ಮೇಲಿಟ್ಟು ‘ಇದರಲ್ಲಿ ಪಾನಕ ಯಾವುದು, ಹತ್ತಿ ಯಾವುದು, ಬಾಯಿ ಯಾವುದು?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೇ ಮೊದಲು ಹೇಳಿದ: “ಹತ್ತಿ ಫಿಲ್ಟರ್, ಬಾಯಿ ಎಂಜಿನ್. ಅಣ್ಣ ಹತ್ತಿ ತೆಗ್ದದ್ದು.” ಕಪ್ಪುಹಲಗೆಯ ಮೇಲೆ ಹಿಂದಿನ ದಿನ ಬರೆದಿದ್ದ ವಾಕ್ಯವನ್ನೇ ಮತ್ತೆ ಬರೆದು, ಅವನ ಕೈಯಿಂದಲೇ ತಿದ್ದಿಸಿದೆ. ತಪ್ಪು ನನ್ನದೆಂದು ಹೇಳಲು ಮೊದಲು ಹಿಂಜರಿಕೆಯಾಯಿತು, ಹೇಳಿದ ಮೇಲೆ ಪ್ರಶ್ನೆಗಳು ಹೆಚ್ಚೇ ಬಂದವು.

1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ ಬೇಕು ಎಂಬ ಲೆಕ್ಕ, ಅಂದರೆ ಸಾವಿರ ಲೀಟರಿನ ಒಂಬತ್ತು ನೀರಿನ ಟ್ಯಾಂಕು, ಮಕ್ಕಳಿಗೆ ನಂಬಲಾಗಲಿಲ್ಲ. ಹುಡುಗಿಯೊಬ್ಬಳು “ಭಾಗಮಂಡಲದ ಕಡೆ ಹತ್ತುವಾಗ ಗಾಡಿ ಎಳೆಯದೇ ಇರೋದೂ ಇದಕ್ಕೇನಾ?” ಎಂದು ಕೇಳಿದಳು. ಮುಖ್ಯ ಕಾರಣ ಏರು. ಆದರೆ ಎತ್ತರವೂ ಸೇರುತ್ತದೆ: ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಸಾಂದ್ರತೆ ಕಡಲತೀರದಲ್ಲಿರುವುದಕ್ಕಿಂತ ಸುಮಾರು ಶೇ. 10 ಕಡಿಮೆ. ಪೆಟ್ರೋಲ್ ಅಷ್ಟು ಕಡಿಮೆಯಾಗುವುದಿಲ್ಲವಾದ್ದರಿಂದ ಅಲ್ಲಿ ತೊಂದರೆ ತಿರುವುಮುರುವು, ಪೆಟ್ರೋಲೇ ಹೆಚ್ಚು.

ಫ್ರೀ ಫ್ಲೋ ಫಿಲ್ಟರ್ ಪೂರಾ ಮೋಸವೇ ಎಂದರೆ ಅಲ್ಲ. ಜೆಟ್ಟನ್ನೂ ಹೊಂದಿಸಿದರೆ ಪೂರ್ಣ ಥ್ರಾಟಲಿನಲ್ಲಿ ಸ್ವಲ್ಪ ಲಾಭ ಸಿಗಬಹುದು. ಅರ್ಧ ಥ್ರಾಟಲಿನಲ್ಲಿ ಗಾಳಿಯನ್ನು ಮುಖ್ಯವಾಗಿ ತಡೆಯುವುದು ಕಾರ್ಬ್ಯುರೇಟರಿನ ಸ್ಲೈಡೇ ಹೊರತು ಫಿಲ್ಟರ್ ಅಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಾಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಆದರೂ ಈ ಮಕ್ಕಳ ಮನೆಯ ಹಳೆಯ ಬೈಕಿನಲ್ಲಿ, ತೋಟದ ವೀಡ್ ಕಟರಿನಲ್ಲಿ ಕಾರ್ಬ್ಯುರೇಟರ್ ಇನ್ನೂ ಇದೆ.

ಚಟುವಟಿಕೆಯ ಕೊರತೆಯನ್ನು ನನ್ನ ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಗುರುತಿಸಿದ್ದಾರೆ: ಸ್ಟ್ರಾದಲ್ಲಿ ಕಿರಿದಾದ ಕಂಠವೂ ಇಲ್ಲ, ಥ್ರಾಟಲೂ ಇಲ್ಲ. ಮುಂದಿನ ಸಲ ಗಾಳಿಯ ಸ್ಟ್ರಾವನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಚಿವುಟಿಸಿ ನೋಡಬೇಕೆಂದಿದ್ದೇನೆ. ಹುಡುಗನ ಅಣ್ಣ ಫಿಲ್ಟರನ್ನು ವಾಪಸ್ ಹಾಕಿದ್ದಾನೆ. ಕೆಮ್ಮು ನಿಂತಿದೆಯಂತೆ.